ಕೈ ಅವನದು, ನಾಲಿಗೆ ನನ್ನದು

ಜಿನೀವಾ
ಭಾನುವಾರ, ಡಿಸೆಂಬರ್ 15, 2024

ನನ್ನ ಮುದ್ದು ಕೊರಾಲಿ,

ಹೇಗಿದ್ದೀಯ? ಅಳಿಯ ಊರ್ಸ್‌ನ ಬೆನ್ನುನೋವು ಇಳಿಯಿತೇ? ನಾನು ಚೆನ್ನಾಗಿದ್ದೇನೆ. ಹೊರಗೆ ಉತ್ತರದ ಬೀಸ್ ಗಾಳಿ ಹುಚ್ಚೆದ್ದು ಬೀಸುತ್ತಿದೆ. ಕಿಟಕಿಯ ಸಂದಿಗೆ ಹಳೇ ಟವೆಲ್ ತುರುಕಿ, ಕಾಲಿಗೆ ಎರಡು ಜೊತೆ ಕಾಲುಚೀಲ ಏರಿಸಿಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಫೋನ್ ಇರುವಾಗ ಅಮ್ಮ ಯಾಕೆ ಕಾಗದ ಬರೆದಳು ಎಂದು ನಿನಗೆ ಅನ್ನಿಸಿರುತ್ತದೆ. ಫೋನಿನಲ್ಲಿ ಒಂದು ಹೆಸರು ನನ್ನ ಬಾಯಿಂದ ಬಂದ ಕೂಡಲೇ ನೀನು "ಅಮ್ಮ, ಒಲೆ ಮೇಲೆ ಹಾಲಿಟ್ಟಿದೀನಿ" ಎಂದು ಇಟ್ಟುಬಿಡುತ್ತೀಯ. ಕಾಗದದ ಮುಂದೆ ಹಾಲು ಉಕ್ಕುವುದಿಲ್ಲ. ಹರಿದು ಎಸೆಯಬಹುದು ನಿಜ, ಆದರೆ ನೀನು ಅಂಥವಳಲ್ಲ. ಔಷಧಿ ಡಬ್ಬಿಯೊಳಗಿನ ಚೀಟಿಯನ್ನೂ ಕೊನೆಯವರೆಗೆ ಓದುವವಳು ನೀನು. ಇದನ್ನೂ ಓದು. ಯಾರೂ ಸತ್ತಿಲ್ಲ, ಯಾರೂ ಆಸ್ಪತ್ರೆ ಸೇರಿಲ್ಲ. ಊಟದ ವಿಷಯದಿಂದ ಶುರು ಮಾಡುತ್ತೇನೆ.

ಅಂಗಡಿಯ ಪರದೆ ವಿಭಾಗದಲ್ಲಿ ನಾನಿದ್ದಷ್ಟು ದಿನ ಮಧ್ಯಾಹ್ನದ ಊಟಕ್ಕೆ ಸಿಬ್ಬಂದಿಯ ಕ್ಯಾಂಟೀನ್ ಇತ್ತಲ್ಲ. ನಿವೃತ್ತಿಯ ದಿನ ಹೂಗುಚ್ಛ ಕೊಟ್ಟರು, ಗಡಿಯಾರ ಕೊಟ್ಟರು, ಕ್ಯಾಂಟೀನ್ ಚೀಟಿ ವಾಪಸ್ ಇಸಿದುಕೊಂಡರು. ಅಂದಿನಿಂದ ನನ್ನ ಮಧ್ಯಾಹ್ನದ ಊಟ ಎಂದರೆ ಪಾತ್ರೆ ತೊಳೆಯುವ ತೊಟ್ಟಿಯ ಪಕ್ಕ ನಿಂತುಕೊಂಡು ಒಂದು ತುಂಡು ಬ್ರೆಡ್ಡು, ಒಂದು ತುಂಡು ಚೀಸು. ಈ ಊರಲ್ಲಿ ಹೊರಗೆ ಕೂತು ಉಣ್ಣಲು ಬ್ಯಾಂಕಿನವರೇ ಆಗಬೇಕು. ನಮ್ಮ ಬೀದಿಯ ಮೂಲೆಯಲ್ಲಿದ್ದ ಹಳೇ ಕಫೆ ನೆನಪಿದೆಯಾ, ಗೋಡೆಯ ಮೇಲೆ ಜಿಂಕೆಯ ಕೊಂಬುಗಳಿದ್ದದ್ದು? ಅಲ್ಲಿ ಈಗ ದೊಡ್ಡ ತಟ್ಟೆಯ ನಡುವೆ ನಾಲ್ಕು ಬಟಾಣಿ ಇಟ್ಟು, ಸುತ್ತ ಹಸಿರು ಗೀಚಿ ಕೊಡುತ್ತಾರೆ. ಒಮ್ಮೆ ಒಳಗೆ ಹೋದೆ, ಬೆಲೆಪಟ್ಟಿ ನೋಡಿದೆ, ಬಸ್ ತಪ್ಪುತ್ತದೆ ಎಂದು ಸುಳ್ಳು ಹೇಳಿ ಹೊರಗೆ ಬಂದೆ.

ನಾನು ಸೊರಗುತ್ತಿರುವುದನ್ನು ಕಂಡವಳು ಮೂರನೇ ಮಹಡಿಯ ಲುರ್ದೆಸ್. ಮೆಟ್ಟಿಲು ಒರೆಸುತ್ತಿದ್ದವಳು ಕೋಲು ಅಡ್ಡ ಹಿಡಿದು ನಿಲ್ಲಿಸಿದಳು. "ಮಾದಾಂ ಸೊಲಾಂಜ್, ನಿಮ್ಮ ಸ್ಕರ್ಟು ನಿಮ್ಮ ಸುತ್ತ ಎರಡು ಸಲ ತಿರುಗತ್ತೆ. ವಾರಕ್ಕೊಂದು ದಿನನಾದ್ರೂ ಕೂತ್ಕೊಂಡು ಬಿಸಿ ಊಟ ಮಾಡಿ. ಜೋಂಕ್ಸಿಯೋಂ ಬಡಾವಣೇಲಿ ಕಾಲುಸೇತುವೆ ಪಕ್ಕ ಒಂದು ಕಫೆ ಇದೆ. ನನ್ನ ಗಂಡ, ಅವನ ಜೊತೆ ಗಾರೆ ಕೆಲಸದೋರು ಎಲ್ಲ ಅಲ್ಲೇ. ಸೂಪು, ಆವತ್ತಿನ ಊಟ, ಬ್ರೆಡ್ಡು ಬೇಕಾದಷ್ಟು. ಮೇಜಿನ ಮೇಲೆ ಬಟ್ಟೆನೂ ಇರತ್ತೆ!"

ಮೇಜಿನ ಮೇಲೆ ಬಟ್ಟೆ ಇರುತ್ತದೆ ಎಂದದ್ದಕ್ಕೆ ಹೋದೆ ನೋಡು. ಪರದೆ ಮಾರಿದವಳಿಗೆ ಅದೊಂದು ದೌರ್ಬಲ್ಯ.

ಅದು ಸೆಪ್ಟೆಂಬರ್ ತಿಂಗಳ ಒಂದು ಗುರುವಾರ. ಲುರ್ದೆಸ್ ಹೇಳಿದ ಆ ಪಾಸ್ರೆಲ್ ಕಫೆ ಎಂದರೆ ಒಂದೇ ಕೋಣೆ, ಉದ್ದುದ್ದ ಮೇಜುಗಳು, ಗೋಡೆಗೆ ಹೊಗೆ ಬಣ್ಣ, ಕಿಟಕಿಯ ತುಂಬ ಆವಿ. ಟ್ರಾಮ್ ಓಡಿಸುವವರು, ಸುಣ್ಣ ಮೆತ್ತಿದ ಕೂದಲಿನ ಗಾರೆಯವರು, ನನ್ನಂಥ ಮುದುಕಿಯರು ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಒಡತಿ ಮಾದಾಂ ರೋಶಾ ತೋಳಿನ ಮೇಲೆ ಮೂರು ತಟ್ಟೆ ಹೊತ್ತುಕೊಂಡೇ ಕೂಗಿದಳು: "ಒಬ್ಬರೇನಾ? ಒಬ್ಬರಿಗೆ ಅಂತ ಇಲ್ಲಿ ಟೇಬಲ್ ಇಲ್ಲ. ಅಗೋ, ಆ ಬೂದು ಟೋಪಿಯೋರ ಎದುರು ಕೂತ್ಕೊಳ್ಳಿ. ಮಾತಾಡಲ್ಲ, ಕಚ್ಚಲ್ಲ, ನೆಮ್ಮದಿಯ ಮನುಷ್ಯ."

ಬೂದು ಟೋಪಿಯವರು ತಲೆ ಎತ್ತಿದರು. ನಿನ್ನಪ್ಪ.

ಕೊರಾಲಿ, ಇಲ್ಲೇ ನಿಲ್ಲಿಸಬೇಡ. ನಾನೂ ಅಲ್ಲಿಂದ ಎದ್ದು ಹೋಗಬೇಕೆಂದೇ ಇದ್ದೆ. ಆದರೆ ಅಷ್ಟರಲ್ಲಿ ಮಾದಾಂ ರೋಶಾ ಸೂಪಿನ ಬಟ್ಟಲು ಇಟ್ಟಾಗಿತ್ತು, ಹಿಂದೆ ಗಾರೆಯವನೊಬ್ಬ ಕುರ್ಚಿ ಎಳೆದುಕೊಂಡು ದಾರಿ ಮುಚ್ಚಿಬಿಟ್ಟಿದ್ದ, ಮತ್ತು ನನಗೆ ಹಸಿವಾಗಿತ್ತು.

"ಸೊಲಾಂಜ್," ಎಂದ.

"ರೆಮಿ," ಎಂದೆ.

"ನೀನಿಲ್ಲಿ?"

"ಊಟಕ್ಕೆ. ನೀನು?"

"ನಾನೂ ಊಟಕ್ಕೇ. ಕೂದಲು ಕತ್ತರಿಸೋ ಅಂಗಡಿ ಅಲ್ಲವಲ್ಲ ಇದು."

ಹನ್ನೊಂದು ವರ್ಷದ ನಂತರ ಗಂಡ ಹೆಂಡತಿ ಆಡಿದ ಮಾತು ಇಷ್ಟು. ಆಮೇಲೆ ಲೀಕ್ ಸೊಪ್ಪಿನ ಸೂಪು ಕುಡಿದೆವು. ಆಮೇಲೆ ಆಲೂಗಡ್ಡೆ, ಕೋಸಿನ ಸಾಸೇಜು. ಬ್ರೆಡ್ಡಿನ ಬುಟ್ಟಿಯನ್ನು ಅವನು ನನ್ನ ಕಡೆ ತಳ್ಳಿದ, ನಾನು ಸಾಸಿವೆಯ ಬಾಟಲನ್ನು ಅವನ ಕಡೆ ತಳ್ಳಿದೆ. ಅರ್ಧ ಊಟವಾದಾಗ ನನಗೊಂದು ಹೊಳೆಯಿತು. ಮದುವೆಯಾದಾಗಿನಿಂದ ನಾವಿಬ್ಬರೂ ವಾರದ ದಿನ ಹೀಗೆ ಎದುರು ಬದುರು ಕೂತು ಮಧ್ಯಾಹ್ನ ಉಂಡದ್ದೇ ಇಲ್ಲ. ನಾನು ಕ್ಯಾಂಟೀನಿನಲ್ಲಿ, ಅವನು ಸರೋವರದ ದಂಡೆಯ ಆ ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿ. ರಾತ್ರಿ ಅವನು ಬರುವ ಹೊತ್ತಿಗೆ ನಾವಿಬ್ಬರೂ, ನೀನು ಮತ್ತು ನಾನು, ನಿದ್ದೆ ಮಾಡಿರುತ್ತಿದ್ದೆವು. ಯಾರ್ಯಾರೋ ರಾಜಕುಮಾರರು, ತೈಲದ ವ್ಯಾಪಾರಿಗಳು ಅವನ ಕೈಯಡುಗೆ ಉಂಡರು. ನಿನಗೂ ನನಗೂ ಸಿಕ್ಕಿದ್ದು ಅವನ ಕೋಟಿಗೆ ಮೆತ್ತಿಕೊಂಡಿದ್ದ ಬೆಣ್ಣೆಯ ವಾಸನೆ.

ನಿನ್ನ ಮದುವೆಯ ದಿನ ನಿನ್ನ ಪಕ್ಕದ ಕುರ್ಚಿ ಖಾಲಿ ಇತ್ತು. ಛತ್ರದ ಅಡುಗೆಯವನು ಸಾಸು ಕೆಡಿಸಿದ ಎಂದು ಎದ್ದು ಹೋದವನು ಕೇಕ್ ಕತ್ತರಿಸುವಾಗಲೂ ಬರಲಿಲ್ಲ. "ನನಗೆ ಅಪ್ಪ ಬೇಕಿತ್ತು, ಅಡುಗೆಭಟ್ಟ ಅಲ್ಲ" ಎಂದು ನೀನು ಅವನಿಗೆ ಹೇಳಿದೆ. ನಾನು ಆ ಚಳಿಗಾಲದಲ್ಲಿ ಅವನ ಬಟ್ಟೆ ಪೆಟ್ಟಿಗೆಗೆ ತುಂಬಿದೆ. ಆ ದಿನವನ್ನು ನಾನು ಮರೆತಿಲ್ಲ. ಮರೆತುಬಿಡು ಎಂದು ನಿನ್ನನ್ನು ಕೇಳುವುದೂ ಇಲ್ಲ. ಬರೆಯಲು ಹೊರಟದ್ದು ಬೇರೆ.

ಮುಂದಿನ ಗುರುವಾರ ಹೋಗಬಾರದು ಎಂದುಕೊಂಡೆ. ಹೋದೆ. ಅಗ್ಗದ ಊಟ, ನಾನ್ಯಾಕೆ ಬಿಡಲಿ, ಬೇಕಾದರೆ ಅವನು ಬಿಡಲಿ ಎಂದು ನನಗೆ ನಾನೇ ಹೇಳಿಕೊಂಡೆ. ಅವನೂ ಹಾಗೇ ಹೇಳಿಕೊಂಡಿದ್ದನಂತೆ. ಮಾದಾಂ ರೋಶಾ ಕೇಳುವ ಗೋಜಿಗೇ ಹೋಗಲಿಲ್ಲ, "ನಿಮ್ಮ ಜಾಗ ಖಾಲಿ ಇದೆ" ಎಂದು ಅವನೆದುರಿಗೆ ಕೂರಿಸಿದಳು. ಹೀಗೇ ಅಭ್ಯಾಸವಾಯಿತು. ನಾವು ಹವಾಮಾನ ಮಾತಾಡಿದೆವು, ಮಂಡಿನೋವು ಮಾತಾಡಿದೆವು. ಅವನು ಪ್ರತಿ ಸಲವೂ ನೀನಿರುವ ಊರಿನ ಸುದ್ದಿ ಎತ್ತಿ "ಬಾಸೆಲ್‌ನಲ್ಲಿ ಇಲ್ಲಿಗಿಂತ ಚಳಿ ಜಾಸ್ತಿನಾ?" ಎಂದು ಕೇಳುತ್ತಿದ್ದ. ನಾನು "ಇರಬಹುದು" ಎನ್ನುತ್ತಿದ್ದೆ. ಅವನು ಏನು ಕೇಳುತ್ತಿದ್ದಾನೆ ಎಂದು ನನಗೆ ಗೊತ್ತಿತ್ತು, ನನಗೆ ಗೊತ್ತು ಎಂದು ಅವನಿಗೂ ಗೊತ್ತಿತ್ತು.

ಒಂದು ಮಾತ್ರ ನನಗೆ ವಿಚಿತ್ರ ಅನ್ನಿಸುತ್ತಿತ್ತು. ಯಾರ ಮನೆಗೆ ಹೋದರೂ "ಇದಕ್ಕೆ ಜಾಯಿಕಾಯಿ ಹಾಕಬಾರದಿತ್ತು" ಎಂದು ಆತಿಥೇಯರ ಮುಖ ಸಣ್ಣ ಮಾಡುತ್ತಿದ್ದ ಮನುಷ್ಯ ಇಲ್ಲಿ ಬಾಯಿ ಬಿಡದೆ ಉಣ್ಣುತ್ತಿದ್ದ. ತಾನು ಬಾಣಸಿಗ ಎಂದು ಯಾರಿಗೂ ಹೇಳಿರಲಿಲ್ಲ. ಟ್ರಾಮಿನವರ ಮಧ್ಯೆ ಕೂರುತ್ತಿದ್ದುದರಿಂದ ಅವನೂ ಟ್ರಾಮ್ ಓಡಿಸಿ ನಿವೃತ್ತನಾದವನು ಎಂದು ಮಾದಾಂ ರೋಶಾ ತಿಳಿದಿದ್ದಳು. ವಯಸ್ಸಾದ ಮೇಲೆ ಮೆತ್ತಗಾಗಿದ್ದಾನೆ ಎಂದುಕೊಂಡೆ.

ಅಕ್ಟೋಬರ್ ಕೊನೆಗೆ ಒಂದು ದಿನ ಕುಂಬಳಕಾಯಿ ಸೂಪು. ಮೊದಲ ಚಮಚಕ್ಕೇ ನನಗೆ ಉಗುಳುವಂತಾಯಿತು. ತಳ ಹಿಡಿದು ಸೀದುಹೋಗಿತ್ತು. ಸುತ್ತಲೂ ಚಮಚಗಳು ಕೆಳಗಿಳಿದವು. ಗಾರೆಯವನೊಬ್ಬ ಅಡುಗೆಮನೆಯ ಕಡೆಗೆ ಕೂಗಿದ: "ಅರ್ಮಾನ್! ಇವತ್ತು ಸೂಪಿಗೆ ಟ್ರಾಮಿನ ಟೈರ್ ಹಾಕಿದೀಯೇನೋ?" "ಟ್ರಾಮಿಗೆ ಟೈರ್ ಇರಲ್ಲ ಕಣಯ್ಯಾ" ಎಂದು ಟ್ರಾಮಿನವರು ನಕ್ಕರು. ಅರ್ಮಾನ್ ಎಂದರೆ ಮಾದಾಂ ರೋಶಾಳ ತಮ್ಮ, ಅಲ್ಲಿನ ಅಡುಗೆಯವನು.

ನಿನ್ನಪ್ಪ ಮಾತ್ರ ಬಟ್ಟಲನ್ನು ಓರೆ ಮಾಡಿ ಕೊನೆಯ ಚಮಚ ಗೋರಿಕೊಳ್ಳುತ್ತಿದ್ದ.

"ಹೇಗಿದೆ ಸೂಪು?" ಎಂದೆ.

"ಚೆನ್ನಾಗಿದೆ. ಕೆನೆ ಸರಿಯಾಗಿ ಹಾಕಿದಾನೆ."

ಆಗ ಅವನು ನನ್ನ ಮುಖ ನೋಡಿದ. ಆಮೇಲೆ ಸುತ್ತಲಿನ ತುಂಬಿದ ಬಟ್ಟಲುಗಳನ್ನು ನೋಡಿದ. ಕಿವಿಯವರೆಗೆ ಕೆಂಪಾಗಿ, ಆಮೇಲೆ ಬೆಳ್ಳಗಾದ.

"ಸೀದಿದೆಯಾ?" ಎಂದು ಮೆಲ್ಲಗೆ ಕೇಳಿದ.

ಎರಡು ವರ್ಷದ ಹಿಂದೆ ಜ್ವರ ಬಂದಿತ್ತಂತೆ. ಜ್ವರ ಹೋಯಿತು, ವಾಸನೆ ರುಚಿ ಎರಡನ್ನೂ ತನ್ನ ಜೊತೆ ಕೊಂಡೊಯ್ದಿತು. ಡಾಕ್ಟರರು ಕಾಯಿರಿ ಎಂದರಂತೆ. ಅವನು ಕಾದ. ಮೊದಮೊದಲು ಒಬ್ಬನೇ ಬೆಳ್ಳುಳ್ಳಿ ಹುರಿದು ಮೂಗಿನ ಹತ್ತಿರ ಹಿಡಿದುಕೊಂಡು ನಿಲ್ಲುತ್ತಿದ್ದನಂತೆ. ಆಮೇಲೆ ಅಡುಗೆ ಮಾಡುವುದನ್ನೇ ಬಿಟ್ಟ. ಊರಾಚೆ ಮೇರಾಂನಲ್ಲಿ ಅವನಿದ್ದ ಒಂದು ಕೋಣೆಯ ಮನೆಯಲ್ಲಿ ಅವನ ಚಾಕುಗಳು ಬಟ್ಟೆಯಲ್ಲಿ ಸುತ್ತಿ ಮಂಚದ ಕೆಳಗಿದ್ದವಂತೆ.

"ಹಾಗಾದರೆ ಇಲ್ಲಿಗೆ ಯಾಕೆ ಬರ್ತೀಯ?" ಎಂದು ಕೇಳಿದೆ.

"ಮನೇಲಿ ತಿಂದರೆ ಗೋಡೆ ತಿಂದ ಹಾಗೆ. ಇಲ್ಲಿ ಬೇರೆಯವರು ತಿನ್ನೋದು ಕಾಣತ್ತೆ. ಅವರ ಮುಖ ನೋಡಿದರೆ ಏನೋ ಒಂದು ತಿಳಿಯತ್ತೆ. ನಾನು ಅಷ್ಟು ವರ್ಷ ಅಡುಗೆ ಮಾಡ್ದೆ ಸೊಲಾಂಜ್, ತಿನ್ನೋರ ಮುಖ ಒಂದು ಸಲನೂ ನೋಡಿರಲಿಲ್ಲ. ಬಾಗಿಲ ಆಚೆ ಇರ್ತಿದ್ರು." ಖಾಲಿ ಬಟ್ಟಲನ್ನು ಪಕ್ಕಕ್ಕೆ ಸರಿಸಿ, "ಯಾರಿಗೂ ಹೇಳ್ಬೇಡ," ಎಂದ.

ಈಗ ನಿನಗೆ ಹೇಳುತ್ತಿದ್ದೇನೆ. ಅವನಿಗೆ ಗೊತ್ತಿದ್ದೇ ಹೇಳುತ್ತಿದ್ದೇನೆ.

ಅಂದಿನಿಂದ ನಮ್ಮ ಮೇಜಿನ ಮಾತು ಬದಲಾಯಿತು. ತಟ್ಟೆ ಬಂದ ಕೂಡಲೇ ಅವನು ನನ್ನನ್ನು ನೋಡುತ್ತಿದ್ದ. ಮೊದಲ ದಿನ ನಾನು "ಚೆನ್ನಾಗಿದೆ" ಎಂದೆ. ಅವನಿಗೆ ರೇಗಿಹೋಯಿತು. "ಚೆನ್ನಾಗಿದೆ ಅಂದ್ರೆ ಏನು? ಚೆನ್ನಾಗಿದೆ ಅಂತ ಬೆಕ್ಕೂ ಹೇಳತ್ತೆ! ಮೊದಲು ಏನು ಬರತ್ತೆ, ಆಮೇಲೆ ಏನು ಉಳಿಯತ್ತೆ, ಅದು ಹೇಳು."

ನಾನು ಪರದೆ ಮಾರಿದವಳು, ನನಗೆ ರುಚಿಯ ಮಾತು ಎಲ್ಲಿಂದ ಬರಬೇಕು? ನನಗೆ ತಿಳಿದ ರೀತಿಯಲ್ಲಿ ಹೇಳಲು ಶುರು ಮಾಡಿದೆ. ಈ ಸಾಸು ಮಖಮಲ್ಲಿನ ಹಾಗಿದೆ, ಆದರೆ ಅಂಚು ಹೊಲಿದಿಲ್ಲ, ಕೊನೆಗೆ ಸ್ವಲ್ಪ ಕಹಿ ಎಳೆ ಬಿಟ್ಟಿದೆ. ಈ ಮೀನು ಬೇಸಿಗೆಯ ತೆಳು ಪರದೆ, ನಿಂಬೆಹುಳಿ ಅದರೊಳಗಿಂದ ಬೆಳಕಿನ ಹಾಗೆ ಬರುತ್ತದೆ. ಈ ಮಾಂಸ ದಪ್ಪ ಉಣ್ಣೆ, ಅಜ್ಜಿಯ ಬೀರುವಿನಲ್ಲಿಟ್ಟದ್ದು. ಅವನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಕೆಲವೊಮ್ಮೆ "ಗೊತ್ತಾಯ್ತು, ತೈಮ್ ಸೊಪ್ಪು ಜಾಸ್ತಿ ಬಿದ್ದಿದೆ" ಎಂದು ನಗುತ್ತಿದ್ದ. ಪಕ್ಕದಲ್ಲಿದ್ದ ಗಾರೆಯವನು ಒಮ್ಮೆ ನನ್ನ ತಟ್ಟೆಗೆ ಇಣುಕಿ, "ಮಾದಾಂ, ನಾನೂ ಅದನ್ನೇ ತಿಂತಿದೀನಿ, ನನಗೆ ಬರೀ ಸಾಸೇಜು ಸಿಕ್ಕಿದೆ, ನಿಮಗೆ ಬಟ್ಟೆ ಅಂಗಡಿನೇ ಸಿಕ್ಕಿದೆ!" ಎಂದ.

ಸತ್ಯ ಹೇಳುತ್ತೇನೆ, ನನಗೂ ಊಟದ ರುಚಿ ಹತ್ತಿದ್ದು ಆಮೇಲೆಯೇ. ಇನ್ನೊಬ್ಬರಿಗೆ ಹೇಳಬೇಕು ಎಂದು ತಿಂದಾಗ ಬಾಯಿ ಬೇರೆ ಥರ ಕೆಲಸ ಮಾಡುತ್ತದೆ.

ಈಗ ಮೊನ್ನೆ ಗುರುವಾರಕ್ಕೆ ಬರುತ್ತೇನೆ. ನಮ್ಮೂರಿನ ಎಸ್ಕಲಾದ್ ಹಬ್ಬ ಈ ವರ್ಷ ಗುರುವಾರವೇ ಬಿತ್ತಲ್ಲ. ಪಾಸ್ರೆಲ್‌ನಲ್ಲಿ ಹಬ್ಬದೂಟಕ್ಕೆ ಎಲ್ಲ ಖಾಯಂ ಗಿರಾಕಿಗಳೂ ಮೊದಲೇ ಹೆಸರು ಹೇಳಿದ್ದರು. ಸೋಂಪು ಹಾಕಿದ ಲೋಂಜೋಲ್ ಸಾಸೇಜು, ಕೆನೆ ಹಾಕಿ ಕೆಂಪಗೆ ಸುಟ್ಟ ಕಾರ್ದೋಂ ದಂಟು, ಕೊನೆಗೆ ಒಡೆಯಲು ಚಾಕಲೇಟಿನ ಮಡಕೆ. ಬೇರೆ ಕಡೆ ಈ ಊಟಕ್ಕೆ ಕೇಳುವ ಬೆಲೆಗೆ ಹಬ್ಬವೇ ಬೇಡ ಅನ್ನಿಸುತ್ತದೆ. ಇಲ್ಲಿ ಎಂದಿನ ಬೆಲೆಯೇ. ಮಾದಾಂ ರೋಶಾಳ ಅಮ್ಮನ ಕಾಲದಿಂದ ಹಬ್ಬಕ್ಕೆ ಬೆಲೆ ಏರಿಸಿಲ್ಲವಂತೆ.

ನಾನು ಬೇಗ ಹೋಗಿದ್ದೆ. ರೆಮಿ ಆಗಲೇ ಬಾಗಿಲ ಬಳಿ ನಿಂತಿದ್ದ. ಒಳಗೆ ಮಾದಾಂ ರೋಶಾ ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿ ಇಡುತ್ತಿದ್ದಳು. ಕಣ್ಣು ಕೆಂಪಾಗಿತ್ತು.

"ಮನೆಗೆ ಹೋಗಿ. ಊಟ ಇಲ್ಲ. ಅರ್ಮಾನ್ ಬೆಳಿಗ್ಗೆ ಮಂಜಿನ ಮೇಲೆ ಜಾರಿ ಬಿದ್ದು ಕೈ ಮುರ್ಕೊಂಡಿದಾನೆ. ಇರೋ ಬರೋ ಏಜೆನ್ಸಿಗೆಲ್ಲ ಫೋನ್ ಮಾಡ್ದೆ, ಹಬ್ಬದ ದಿನ ಅಡುಗೆಯೋನು ಎಲ್ಲಿ ಸಿಗ್ತಾನೆ? ಅಷ್ಟೂ ಕಾರ್ದೋಂ ಸಿಪ್ಪೆ ತೆಗೆದು ನೀರಲ್ಲಿ ಹಾಕಿಟ್ಟಿದಾನೆ. ಎಲ್ಲ ಬಿಸಾಕ್ಬೇಕು."

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. "ಇವನು ಬಾಣಸಿಗ," ಎಂದುಬಿಟ್ಟೆ.

ಅವನು ನನ್ನನ್ನು ನೋಡಿದ ನೋಟಕ್ಕೆ ಹಾಲು ಒಡೆಯಬೇಕು. ಮೂಲೆಗೆ ಎಳೆದುಕೊಂಡು ಹೋಗಿ, "ನಿನಗೆ ತಲೆ ಕೆಟ್ಟಿದೆಯಾ? ಕುರುಡನ ಕೈಗೆ ಟ್ರಾಮ್ ಕೊಡ್ತಿದೀಯಲ್ಲ!" ಎಂದ.

"ಕೈ ನಿನ್ನದು, ನಾಲಿಗೆ ನನ್ನದು," ಎಂದೆ. "ವಾರ ವಾರ ಮಾಡ್ತಿರೋದು ಅದನ್ನೇ ತಾನೆ?"

"ಅದು ಟೇಬಲ್ ಮೇಲೆ. ಇದು ಒಲೆ ಮೇಲೆ."

ಮಾದಾಂ ರೋಶಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಏನದು ಗುಸುಗುಸು? ಇಬ್ಬರಲ್ಲಿ ಯಾರಾದ್ರೂ ಒಬ್ಬರು ಏಪ್ರನ್ ಕಟ್ಕೊಳ್ಳಿ, ಇಲ್ಲಾ ನಾನು ಬಾಗಿಲು ಹಾಕ್ತೀನಿ. ಮತ್ತೆ ನೀವು ಟ್ರಾಮಿನೋರು ಅಂತ ನನಗ್ಯಾಕೆ ಸುಳ್ಳು ಹೇಳಿದ್ರಿ?"

"ನಾನು ಏನೂ ಹೇಳಿರಲಿಲ್ಲ ಮಾದಾಂ, ನೀವೇ ಅಂದ್ಕೊಂಡ್ರಿ," ಎಂದು ಗೊಣಗುತ್ತ ನಿನ್ನಪ್ಪ ಟೋಪಿ ತೆಗೆದ.

ಕೊರಾಲಿ, ಅವನು ಅಡುಗೆ ಮಾಡುವುದನ್ನು ನಾನು ಎಂದೂ ನೋಡಿರಲಿಲ್ಲ. ನೀನೂ ನೋಡಿಲ್ಲ. ಮನೆಯಲ್ಲಿ ಅವನು ಮೊಟ್ಟೆ ಬೇಯಿಸಿದವನೂ ಅಲ್ಲ. ಚಾಕು ಹಿಡಿದ ಕೂಡಲೇ ಬಾಗಿದ್ದ ಬೆನ್ನು ನೆಟ್ಟಗಾಯಿತು. ಕೈಗಳು ಅವನನ್ನು ಕೇಳದೆಯೇ ಓಡಾಡಿದವು. ನಾನು ಪಕ್ಕದಲ್ಲಿ ಚಮಚ ಹಿಡಿದು ನಿಂತೆ.

"ಉಪ್ಪು?"

"ಸ್ವಲ್ಪ ಬೇಕು."

"ಸ್ವಲ್ಪ ಅಂದ್ರೆ ಎಷ್ಟು? ಪರದೆ ಲೆಕ್ಕದಲ್ಲಾದ್ರೂ ಹೇಳು!"

"ಅಂಚು ಹೊಲಿಯೋ ಅಷ್ಟು," ಎಂದೆ. ಹಾಕಿದ. ಸರಿಯಾಗಿತ್ತು.

ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಹೊರಗೆ ಜನ ತುಂಬುವ ಸದ್ದು ಕೇಳಿಸುತ್ತಿತ್ತು. ಅವನು ಕಾರ್ದೋಂಗೆ ಸುರಿಯಲು ಕೆನೆಯ ದೊಡ್ಡ ಪಾತ್ರೆ ಎತ್ತಿದ. ಮುಚ್ಚಳ ತೆಗೆದದ್ದೇ ನನ್ನ ಮೂಗಿಗೆ ಹುಳಿ ಬಡಿಯಿತು. ಅವನ ಕೈ ಆಗಲೇ ಬಾಗುತ್ತಿತ್ತು. "ಬೇಡ!" ಎಂದು ಅವನ ತೋಳು ಹಿಡಿದು ಎಳೆದೆ. ಅರ್ಧ ನೆಲಕ್ಕೆ ಚೆಲ್ಲಿತು. "ಕೆಟ್ಟಿದೆ ರೆಮಿ. ಪೂರ್ತಿ ಕೆಟ್ಟಿದೆ."

ಅವನು ಪಾತ್ರೆ ಕೆಳಗಿಟ್ಟ. ಆಲೂಗಡ್ಡೆಯ ಪೆಟ್ಟಿಗೆಯ ಮೇಲೆ ಕುಸಿದು ಕೂತ. ಎರಡೂ ಕೈ ಮೊಣಕಾಲ ನಡುವೆ ಸಿಕ್ಕಿಸಿಕೊಂಡ, ಶಾಲೆಯಲ್ಲಿ ಬೈಸಿಕೊಂಡ ಹುಡುಗನ ಹಾಗೆ.

"ನೋಡಿದ್ಯಾ? ಅಷ್ಟು ಜನಕ್ಕೂ ಇದನ್ನ ಬಡಿಸ್ತಿದ್ದೆ. ಮುಗೀತು ಸೊಲಾಂಜ್. ನಾನು ಮುಗಿದುಹೋದೆ. ಅವಳಿಗೆ ಹೇಳು, ಬಾಗಿಲು ಹಾಕಲಿ."

ಸಮಾಧಾನ ಮಾಡಲು ನನಗೆ ಬರುವುದಿಲ್ಲ, ಅದು ನಿನಗೆ ಗೊತ್ತು. ಅವನ ಮುಂದೆ ಮಂಡಿಯೂರಿ ನೆಲದ ಕೆನೆ ಒರೆಸಲು ಶುರು ಮಾಡಿದೆ. ಒರೆಸುತ್ತಲೇ ಹೇಳಿದೆ: "ಬಡಿಸ್ತಿದ್ದೆ ಅಂತೀಯ. ಬಡಿಸಲಿಲ್ಲವಲ್ಲ. ನಾನಿದ್ದೆನಲ್ಲ ಇಲ್ಲಿ. ನಾನು ಇರೋದು ಯಾಕೆ ಅಂದ್ಕೊಂಡಿದೀಯ, ಸ್ಟೀಲ್ ಚಮಚ ಹಿಡ್ಕೊಂಡು ಶೋಕಿಗಾ? ಏಳು. ಮಾದಾಂ ರೋಶಾನ ಎದುರು ಅಂಗಡಿಗೆ ಕಳಿಸು, ಹೊಸ ಕೆನೆ ತರಲಿ."

ಅವನು ಬಹಳ ಹೊತ್ತು ನನ್ನ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನೇ ನೋಡುತ್ತಿದ್ದ. ಆಮೇಲೆ ಎದ್ದ.

ಊಟ ತಡವಾಗಿ ಹೋಯಿತು, ಆದರೆ ಹೋಯಿತು. ನಾನು ಬಾಗಿಲ ಸಂದಿಯಿಂದ ನೋಡಿದೆ. ಮೊದಲು ಗದ್ದಲ, ಆಮೇಲೆ ಚಮಚದ ಸದ್ದು ಮಾತ್ರ. ಗಾರೆಯವನು ತಟ್ಟೆಯನ್ನು ಬ್ರೆಡ್ಡಿನಿಂದ ಒರೆಸಿ, "ಅರ್ಮಾನ್ ಕೈ ಮುರ್ಕೊಂಡಿದ್ದು ಒಳ್ಳೇದೇ ಆಯ್ತು!" ಎಂದು ಕೂಗಿದ. ಮಾದಾಂ ರೋಶಾ, "ಶ್, ಅವನ ಕಿವಿಗೆ ಬಿದ್ರೆ ಸಿಟ್ಟಿಗೆ ಇನ್ನೊಂದನ್ನೂ ಮುರ್ಕೋತಾನೆ!" ಎಂದಳು. ನಿನ್ನಪ್ಪನನ್ನು ಕರೆದು ಬಾಗಿಲ ಸಂದಿಯ ಹತ್ತಿರ ನಿಲ್ಲಿಸಿದೆ. "ನೋಡು, ಮುಖ ನೋಡು," ಎಂದೆ. ಅವನು ನೋಡಿದ. ಏಪ್ರನ್ನಿನ ತುದಿಯಿಂದ ಮುಖ ಒರೆಸಿಕೊಂಡ. ಒಲೆಯ ಬಿಸಿ ಜಾಸ್ತಿ ಎಂದ.

ಆಮೇಲೆ ನಾವಿಬ್ಬರೂ ನಮ್ಮ ಜಾಗದಲ್ಲಿ ಕೂತೆವು. ನಾನು ಎರಡು ತಟ್ಟೆ ಎತ್ತಿಟ್ಟಿದ್ದೆ. "ಹೇಗಿದೆ?" ಎಂದು ಕೇಳಿದ. ನಾನು ಬಾಯಿಗಿಟ್ಟುಕೊಂಡೆ. ಇಷ್ಟು ವಾರ ಎಷ್ಟೆಲ್ಲ ಬಟ್ಟೆಗಳ ಹೆಸರು ಹೇಳಿದವಳಿಗೆ ಒಂದೂ ಹೊಳೆಯಲಿಲ್ಲ. ಅವನ ಕೈಯ ಊಟವನ್ನು ನಾನು ಬಿಸಿಯಾಗಿ ಉಣ್ಣುತ್ತಿದ್ದದ್ದು ಅದೇ ಮೊದಲು. ಬರೀ ಅಳು ಬಂತು.

"ಅಷ್ಟು ಕೆಟ್ಟದಾಗಿದೆಯಾ?" ಎಂದ.

"ಸುಮ್ನಿರು. ಬೆಕ್ಕಿನ ಹಾಗೆ ಹೇಳ್ತೀನಿ. ಚೆನ್ನಾಗಿದೆ."

ಅವನು ನಕ್ಕ. ಆಮೇಲೆ ಫೋರ್ಕು ಕೆಳಗಿಟ್ಟು, ಸುತ್ತು ಬಳಸದೆ, "ಕೊರಾಲಿ ನನ್ನ ಮುಖ ನೋಡ್ತಾಳಾ?" ಎಂದು ಕೇಳಿದ. ಗೊತ್ತಿಲ್ಲ ಎಂದೆ. ಕೇಳಿ ನೋಡು ಎಂದ. ಅದಕ್ಕೇ ಈ ಕಾಗದ.

ಮಾದಾಂ ರೋಶಾ ಅರ್ಮಾನ್ ಕೈ ಕೂಡುವವರೆಗೆ ಅಡುಗೆಮನೆ ನಿಮ್ಮದೇ ಎಂದಿದ್ದಾಳೆ, ನಮ್ಮಿಬ್ಬರದೂ. ಅವಳಿಗೆ ವಿಷಯ ಹೇಳಿದೆವು. "ಹಾಗಾದರೆ ಮಾದಾಂಗೂ ಒಂದು ಏಪ್ರನ್ ಹೊಲಿಸ್ಬೇಕು" ಎಂದಳು. ನಾನೇ ಹೊಲಿದುಕೊಳ್ಳುತ್ತೇನೆ ಎಂದೆ.

ನೀನು ಹೊಸ ವರ್ಷಕ್ಕೆ ಬರುತ್ತೀಯಲ್ಲ. ಗುರುವಾರ ಬಂದರೆ ಪಾಸ್ರೆಲ್‌ಗೆ ಬಾ. ಬರಲು ಮನಸ್ಸಿಲ್ಲದಿದ್ದರೆ ನೇರ ಮನೆಗೆ ಬಾ, ನಾನು ಏನೂ ಅನ್ನುವುದಿಲ್ಲ. ಅವನನ್ನು ಕ್ಷಮಿಸು ಎಂದು ನಾನು ಕೇಳುತ್ತಿಲ್ಲ. ಅದು ನಿಮ್ಮಿಬ್ಬರ ವಿಷಯ. ಬಂದು ಉಂಡು ಹೋಗು, ಅಷ್ಟೆ. ಅವನು ಬಾಗಿಲ ಸಂದಿಯಿಂದ ನೋಡುತ್ತಿರುತ್ತಾನೆ. ಬೇಡ ಅನ್ನಿಸಿದರೆ ಆ ಕಡೆ ತಿರುಗಬೇಡ.

ಊರ್ಸ್‌ಗೆ ಬೆನ್ನಿಗೆ ಬಿಸಿನೀರಿನ ಚೀಲ ಇಡಲು ಹೇಳು. ಗಾಳಿಗೆ ತಲೆಗೆ ಏನಾದರೂ ಕಟ್ಟಿಕೊಂಡು ಓಡಾಡು.

ನಿನ್ನನ್ನು ಸದಾ ನೆನೆಯುವ,
ಅಮ್ಮ
ಸೊಲಾಂಜ್

ಇನ್ನೊಂದು ಮಾತು: ನೀನು ಬಂದಾಗ ನಿನ್ನ ಹಳೇ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳು ಕಂಡರೆ ಗಾಬರಿಯಾಗಬೇಡ. ನಿನ್ನಪ್ಪನವು, ಮೇರಾಂನಿಂದ ಬಂದವು. ಆ ಕೋಣೆಯಲ್ಲಿರುವುದು ಪೆಟ್ಟಿಗೆಗಳು ಮಾತ್ರ, ಅವನಲ್ಲ. ಈ ಊರಿನಲ್ಲಿ ಎರಡೆರಡು ಬಾಡಿಗೆ ಯಾರು ಕಟ್ಟುತ್ತಾರೆ ಎಂದು ಲುರ್ದೆಸ್‌ಗೆ ಹೇಳಿದ್ದೇನೆ, ಅವಳು ತಲೆಯಾಡಿಸಿ ನಂಬಿದಳು. ನಿನಗೆ ಸುಳ್ಳು ಹೇಳಲಾರೆ. ಬಾಡಿಗೆಗಾಗಿ ಅಲ್ಲ.